ಫ್ರೀಹೋಲ್ಡರ್ ನಾಪತ್ತೆ: ಕೇಸ್ ನಡೆಸಿಕೊಟ್ಟ ಸಾಲಿಸಿಟರ್ ಬಗ್ಗೆ ನನ್ನ ಅನುಭವ

ಲಂಡನ್ನಿನ ವಾಲ್ಥಮ್‌ಸ್ಟೋದಲ್ಲಿ ಎರಡು ಫ್ಲ್ಯಾಟ್ ಮಾಡಿದ ಒಂದು ಹಳೇ ಮನೆ. ಕೆಳಗಿನದು ನಮ್ಮದು. 2016ರಲ್ಲಿ ಕೊಂಡಾಗ ದಾವಣಗೆರೆಯಿಂದ ಅಮ್ಮ ಫೋನಲ್ಲಿ ಕೇಳಿದ್ದರು, “ಮನೆ ನಿಂದು, ನೆಲ ಬೇರೆಯವ್ರದು ಅಂದ್ರೆ ಹೆಂಗೆ?” ಇಂಗ್ಲೆಂಡಿನಲ್ಲಿ ಫ್ಲ್ಯಾಟುಗಳು ಬಹುಪಾಲು ಹಾಗೇ. ನಮ್ಮ ಕೈಗೆ ಬರುವುದು ಲೀಸ್, ಅಂದರೆ ಇಷ್ಟು ವರ್ಷ ಅಂತ ಇರುವ ಹಕ್ಕು. ನೆಲ ಮತ್ತು ಕಟ್ಟಡ ಫ್ರೀಹೋಲ್ಡರ್ ಹೆಸರಲ್ಲಿ.

ನಮ್ಮ ಫ್ರೀಹೋಲ್ಡರ್ ಎಲ್ಲಿದ್ದಾರೋ ಯಾರಿಗೂ ಗೊತ್ತಿರಲಿಲ್ಲ. ವರ್ಷಕ್ಕೆ 50 ಪೌಂಡ್ ಗ್ರೌಂಡ್ ರೆಂಟ್ (ನೆಲದ ಬಾಡಿಗೆ) ಕಳಿಸಿದರೆ ಚೆಕ್ಕು ವಾಪಸ್ ಬರುತ್ತಿತ್ತು. ಛಾವಣಿ ಸೋರಿದರೆ ಯಾರನ್ನು ಕೇಳುವುದು? 2023ರ ಹೊತ್ತಿಗೆ ಲೀಸ್ 74 ವರ್ಷಕ್ಕೆ ಇಳಿದಿತ್ತು. 80ರ ಕೆಳಗೆ ಹೋದರೆ ನೆಲ, ಕಟ್ಟಡ ಕೊಳ್ಳುವ ಬೆಲೆಗೆ ‘ಮ್ಯಾರೇಜ್ ವ್ಯಾಲ್ಯೂ’ ಅಂತ ಇನ್ನೊಂದು ಮೊತ್ತ ಸೇರುತ್ತಿತ್ತು. ತಡ ಮಾಡಿದಷ್ಟೂ ಬೆಲೆ ಜಾಸ್ತಿ.

ಫ್ರೀಹೋಲ್ಡರ್ ಸಿಗದಿದ್ದರೂ ಕೋರ್ಟಿನ ಮೂಲಕ ನೆಲ ಮತ್ತು ಕಟ್ಟಡವನ್ನು ಕೊಳ್ಳಲು ಅಲ್ಲಿನ 1993ರ ಲೀಸ್‌ಹೋಲ್ಡ್ ಕಾಯ್ದೆಯಲ್ಲಿ ದಾರಿ ಇದೆ. ಎರಡೇ ಫ್ಲ್ಯಾಟ್ ಇರುವ ಕಟ್ಟಡವಾದರೆ ಇಬ್ಬರೂ ಸೇರಬೇಕು. ಮೇಲಿನ ಮನೆಯಾಕೆಗೆ ಎಪ್ಪತ್ತು ದಾಟಿದೆ, ಕೋರ್ಟು ಅಂದರೆ ಭಯ. ನಮ್ಮ ಸಾಲಿಸಿಟರ್, ಅಂದರೆ ವಕೀಲರು, ಆಕೆಯ ಅಡುಗೆಮನೆಯಲ್ಲೇ ಕೂತು ಒಂದೂವರೆ ಗಂಟೆ ಎಲ್ಲ ಬಿಡಿಸಿ ಹೇಳಿದರು. ನನಗೆ ನಂಬಿಕೆ ಬಂದದ್ದು ಅವತ್ತೇ.

ಸಾಲಿಸಿಟರ್ ನನ್ನನ್ನು ಮೊದಲು ಕೇಳಿದ್ದು, “ವಾಪಸ್ ಬಂದ ಕವರುಗಳನ್ನು ಎಸೆದಿಲ್ಲ ತಾನೇ?” ಎಸೆದಿರಲಿಲ್ಲ. ಅಮ್ಮ ಕರೆಂಟ್ ಬಿಲ್ಲುಗಳನ್ನು ತಂತಿಗೆ ಚುಚ್ಚಿಡುತ್ತಿದ್ದರು, ಆ ಅಭ್ಯಾಸ ನನಗೂ ಇದೆ. ಏಳು ಕವರು ಸಿಕ್ಕವು. ನನ್ನ ಅಕ್ಷರದ ಮೇಲೆ ನೀಲಿ ಪೆನ್ನಿನ ಅಡ್ಡಗೆರೆ, ಪಕ್ಕದಲ್ಲಿ ‘ಇಲ್ಲಿ ಇಲ್ಲ’ ಎಂದು ಯಾರದೋ ಅವಸರದ ಬರಹ. ಫ್ರೀಹೋಲ್ಡರನ್ನು ಹುಡುಕಿದ್ದಕ್ಕೆ ಕೋರ್ಟಿಗೆ ಕೊಟ್ಟ ಸಾಕ್ಷಿಯಲ್ಲಿ ಅವೇ ಮೊದಲು. ಲ್ಯಾಂಡ್ ರಿಜಿಸ್ಟ್ರಿಯ ದಾಖಲೆ, ಹುಡುಕುವ ಏಜೆಂಟರ ವರದಿ, ಪ್ರೊಬೇಟ್ (ತೀರಿಹೋದವರ ಉಯಿಲು, ಆಸ್ತಿಯ ದಾಖಲೆ) ಹುಡುಕಾಟ, ಪತ್ರಿಕೆ ಜಾಹೀರಾತು ಆಮೇಲೆ ಬಂದವು. ಫ್ರೀಹೋಲ್ಡರ್ ಮುಚ್ಚಿಹೋದ ಕಂಪನಿಯಾಗಿದ್ದರೆ ಆಸ್ತಿ ಸಾಮಾನ್ಯವಾಗಿ ಕ್ರೌನ್‌ಗೆ, ಅಂದರೆ ಸರ್ಕಾರಕ್ಕೆ ಹೋಗುತ್ತದೆ. ಆಗ ದಾರಿಯೇ ಬೇರೆ. ಇದನ್ನೂ ಅವರು ಮೊದಲೇ ಪರೀಕ್ಷಿಸಿದರು.

ಕೌಂಟಿ ಕೋರ್ಟು ಒಪ್ಪಿದ ಮೇಲೆ ಬೆಲೆ ಕಟ್ಟುವ ಕೆಲಸ ಟ್ರಿಬ್ಯುನಲ್‌ಗೆ, ಅಂದರೆ ಆಸ್ತಿ ವಿಷಯಗಳ ನ್ಯಾಯಮಂಡಳಿಗೆ ಹೋಯಿತು. ಎದುರಾಳಿ ಇಲ್ಲದ ಮಾತ್ರಕ್ಕೆ, ನಮ್ಮ ಸರ್ವೇಯರ್ ಹೇಳಿದ್ದಕ್ಕೆಲ್ಲ ಟ್ರಿಬ್ಯುನಲ್‌ನವರು ತಲೆಯಾಡಿಸುವುದಿಲ್ಲ. ಲೆಕ್ಕದ ಬಗ್ಗೆ ಪ್ರಶ್ನೆ ಕೇಳಿ, ಸ್ವಲ್ಪ ಏರಿಸಿ, ಎರಡೂ ಮನೆಗೆ ಸೇರಿ 39,000 ಪೌಂಡ್ ಎಂದರು. ಬಾಕಿ ಬಾಡಿಗೆ ಸೇರಿಸಿ ಕೋರ್ಟಿಗೆ ಕಟ್ಟಿದೆವು. ಫ್ರೀಹೋಲ್ಡರ್ ಅಥವಾ ಅವರ ವಾರಸುದಾರರು ಬಂದರೆ ಆ ಹಣ ಕೇಳಬಹುದು. ಇದು ನನಗೆ ತುಂಬ ಸಮಾಧಾನ ಕೊಟ್ಟಿತು. ಯಾರದೋ ನೆಲವನ್ನು ಸುಮ್ನೆ ಕಿತ್ತುಕೊಂಡ ಹಾಗಾಗಬಾರದು ಅಲ್ವಾ?

ಎದುರು ಕಡೆಯವರ ವಕೀಲರ ಖರ್ಚು ನಮ್ಮ ಮೇಲೆ ಬೀಳಲಿಲ್ಲ. ಆದರೆ ಒಂದು ಬೇಸರ ಇದೆ. ಸಾಲಿಸಿಟರ್ ನಿಗದಿ ಫೀಸು ಅಂದಿದ್ದರು. ಅದರಲ್ಲಿ ಕೋರ್ಟ್ ಫೀಸು, ಏಜೆಂಟರ ಫೀಸು, ಬ್ಯಾರಿಸ್ಟರ್ (ಕೋರ್ಟಿನಲ್ಲಿ ವಾದಿಸುವ ವಕೀಲರು) ಫೀಸು ಸೇರಿಲ್ಲ ಅನ್ನುವುದು ಬಿಲ್ ಬಂದಾಗ ಗೊತ್ತಾಯಿತು. ಮೇಲಿನವರು ಪಿಂಚಣಿಯಲ್ಲಿ ಬದುಕುವವರು. ಅವರು ಆ ಬಿಲ್ ಹಿಡಿದು ಮೆಟ್ಟಿಲ ಮೇಲೆ ಕೂತದ್ದು ಮರೆಯಲಾರೆ. ನೀವು ಹೋಗುವುದಾದರೆ ಮೊದಲ ದಿನವೇ ಪ್ರತಿ ಖರ್ಚನ್ನೂ ಬರೆಸಿಕೊಳ್ಳಿ. ಮಧ್ಯೆ ಆರು ವಾರ ಇಮೇಲ್‌ಗೆ ಉತ್ತರವೂ ಇರಲಿಲ್ಲ.

ಅದಕ್ಕೇ ಐದಕ್ಕೆ ನಾಲ್ಕು. ಒಟ್ಟು 16 ತಿಂಗಳು ಹಿಡಿಯಿತು. ಫ್ರೀಹೋಲ್ಡರ್ ಪರವಾಗಿ ಕೋರ್ಟೇ ವರ್ಗಾವಣೆ ಮಾಡಿಸಿಕೊಟ್ಟಿತು. ದಾಖಲೆಯಲ್ಲಿ ಈಗ ನಮ್ಮಿಬ್ಬರ ಹೆಸರಿದೆ. ಹೋದ ವಾರ ಛಾವಣಿ ರಿಪೇರಿಗೆ ಕರೆದೆವು. ಯಾರ ಅನುಮತಿ ಬೇಕು ಅಂತ ಬಂದವನು ಕೇಳಿದ. ಮೇಲಿನವರು ನನ್ನ ಕಡೆ ಕೈ ತೋರಿಸಿದರು, ನಾನು ಅವರ ಕಡೆ.