ಮಕ್ಕಳಿಗೆ ಸರಕು, ಸೇವೆ ಕಲಿಸೋಕೆ ಚೀಟಿ ಆಟನಾ, ಮಾರ್ಕೆಟ್ ಮಂಡಿನಾ?

ಅಕ್ಕಾ, ಖರ್ಚು ನೋಡಿದ್ರೆ ಚೀಟಿ ಆಟನೇ ಸುಲಭ, ಹಳೇ ಮದುವೆ ಕಾರ್ಡ್ ಕತ್ತರಿಸಿ ಪೆನ್ಸಿಲ್, ಕೂದಲು ಕಟಿಂಗ್, ಹಾಲು, ಬಸ್ ಪ್ರಯಾಣ ಅಂತ ಬರೆದು ಸರಕಿಗೊಂದು, ಸೇವೆಗೊಂದು ಅಂತ ಎರಡು ಡಬ್ಬಿಗೆ ಹಾಕ್ಸಿ. ಪರೀಕ್ಷೆ ಹತ್ರ ಇದ್ರೆ ಇದೇ ಸರಿ. ಆದ್ರೆ ನೆನಪಲ್ಲಿ ಉಳಿಯೋದು ನಮ್ಮ ಕೋಲಾರದ ಟೊಮೇಟೊ ಮಂಡಿನೇ. ಒಂದು ಬಾಕ್ಸ್ ಮುಟ್ಸಿ, ಇದು ಸರಕು, ಇದನ್ನ ಹೊತ್ತು ಲಾರಿಗೆ ಏರಿಸ್ತಿರೋ ಹಮಾಲಿ ಅಣ್ಣನ ಕೆಲ್ಸ ಸೇವೆ, ಅದನ್ನ ನಾಳೆಗೆ ಅಂತ ಎತ್ತಿಡೋಕಾಗಲ್ಲ ಅಂತ ಹೇಳಿ, ನನ್ನ ಮಗಳಿಗೆ ಅಲ್ಲೇ ಅರ್ಥ ಆಗೋಯ್ತು. ತೀರಾ ಚಿಕ್ಕ ಮಕ್ಕಳಿಗೆ ಆ ಗಲಾಟೆ ಕಷ್ಟ, ಅವ್ರಿಗೆ ಟೈಲರ್ ಅಂಗಡಿ ಸಾಕು, ಬಟ್ಟೆ ಸರಕು, ಹೊಲಿಗೆ ಸೇವೆ. ಹೈಸ್ಕೂಲ್ ಮಕ್ಕಳಾದ್ರೆ ಹೋಟೆಲ್ ಬಿಲ್ ತೋರ್ಸಿ, ಕೂತು ತಿನ್ನೋ ಇಡ್ಲಿ ಕೈಗೆ ಸಿಗೋ ವಸ್ತುನೇ ಆದ್ರೂ 2017ರ ಜಿಎಸ್‌ಟಿ ಕಾನೂನಲ್ಲಿ ಅದು ಸೇವೆ ಲೆಕ್ಕ, ಯಾಕೆ ಅಂತ ಅವ್ರೇ ವಾದ ಮಾಡ್ಲಿ.