ವೈರ್ ಹೆಡ್‌ಫೋನಿಗೆ ಬ್ಲೂಟೂತ್ ಹಾಕಿ 14 ತಿಂಗಳಾಯ್ತು

ಕುರ್ಚಿ ಚಕ್ರಕ್ಕೆ ಸಿಕ್ಕಿ ಹೆಡ್‌ಫೋನ್ ವೈರು ಎರಡನೇ ಸಲ ತುಂಡಾದಾಗ ತಲೆ ಕೆಟ್ಟೋಯ್ತು. ಹಳೇ ಸ್ಟುಡಿಯೋ ಹೆಡ್‌ಫೋನು, 3 ಮೀಟರ್ ವೈರು, ಆದ್ರೆ ಸೌಂಡ್ ಎಷ್ಟು ಚೆನ್ನಾಗಿತ್ತು ಅಂದ್ರೆ ಬಿಸಾಕೋಕೆ ಮನಸ್ಸೇ ಬರ್ಲಿಲ್ಲ. ಶನಿವಾರ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಬ್ಲೂಟೂತ್ 5.0 ರಿಸೀವರ್ ಬೋರ್ಡು, 300 ಎಂಎಎಚ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, ಟಿಪಿ4056 ಚಾರ್ಜಿಂಗ್ ಬೋರ್ಡು, ಒಂದು ಸ್ಲೈಡ್ ಸ್ವಿಚ್ಚು ತಂದೆ, ಎಲ್ಲಾ ಸೇರಿ 500 ರೂಪಾಯಿ ಒಳಗೇ ಮುಗೀತು. ಚಾರ್ಜಿಂಗ್ ಬೋರ್ಡಲ್ಲಿ ಬ್ಯಾಟರಿ ಪ್ಯಾಡ್ (ವೈರ್ ಬೆಸೆಯೋ ಜಾಗ) ಜೊತೆಗೆ ಔಟ್ ಅಂತ ಬೇರೆ ಎರಡು ಪ್ಯಾಡ್ ಇರೋದೇ ಕೇಳಿ ತಗೊಳ್ಳಿ, ಅದರಲ್ಲಿ ಬ್ಯಾಟರಿ ತೀರಾ ಖಾಲಿ ಆಗದಂಗೆ, ಶಾರ್ಟ್ ಆದ್ರೆ ಕೆಡದಂಗೆ ಪ್ರೊಟೆಕ್ಷನ್ ಇರುತ್ತೆ.

ಈ ಟಿಪಿ4056 ಬೋರ್ಡು ಸಾಮಾನ್ಯವಾಗಿ 1 ಆಂಪ್‌ಗೆ ಸೆಟ್ ಆಗೇ ಬರೋದು. ಇಷ್ಟು ಪುಟ್ಟ ಬ್ಯಾಟರಿಗೆ ಅಷ್ಟು ಕರೆಂಟ್ ನುಗ್ಗಿಸಿದ್ರೆ ಬಿಸಿಯಾಗುತ್ತೆ, ಊದ್ಕೊಳ್ಳುತ್ತೆ, ಅದೂ ಕಿವಿ ಪಕ್ಕದಲ್ಲೇ. ಅದಕ್ಕೇ ಆ ಬೋರ್ಡಲ್ಲಿ ಕರೆಂಟ್ ಎಷ್ಟು ಅಂತ ಗೊತ್ತುಮಾಡೋ 1.2ಕೆ ರೆಸಿಸ್ಟರ್ ಕಿತ್ತು 4.7ಕೆ ಹಾಕ್ದೆ, ಸುಮಾರು 250 ಮಿಲಿಆಂಪ್‌ಗೆ ಇಳೀತು. ಎಳ್ಳು ಕಾಳಿನಷ್ಟಿರೋ ಪಾರ್ಟು, ಕಿತ್ತಿದ್ದು ಎಲ್ಲಿಗೆ ಹಾರಿತೋ ಇವತ್ತಿಗೂ ಸಿಕ್ಕಿಲ್ಲ.

ಹೆಡ್‌ಫೋನ್ ವೈರಿಗೆ ಬೆಸುಗೆ ಹಾಕೋದು ಇನ್ನೊಂದು ಗೋಳು. ಕೂದಲಿನ ಥರದ ಎಳೆಗಳು, ಕೆಂಪು ಹಸಿರು ಬಣ್ಣದ ವಾರ್ನಿಷ್ ಬೇರೆ ಬಳಿದಿರ್ತಾರೆ, ಅದು ಸುಡೋವರೆಗೂ ಸೀಸ ಹಿಡಿಯೋದೇ ಇಲ್ಲ. ಐರನ್ ತುದೀಲಿ ಒಂದು ಹನಿ ಸೀಸ ಕರಗಿಸ್ಕೊಂಡು ಎಳೆಗಳನ್ನ ಅದರೊಳಗೇ ಅದ್ದಿ ಹಿಡೀಬೇಕು, ಸ್ವಲ್ಪ ಹೊಗೆ ಬಂದು ಬೆಳ್ಳಗಾಯ್ತು ಅಂದ್ರೆ ಆಯ್ತು.

ಆಮೇಲೆ ನಾನು ಮಾಡಿದ ಮಂಗಾಟ ಕೇಳಿ. ನನ್ನ ಬ್ಲೂಟೂತ್ ಬೋರ್ಡಲ್ಲಿ ಹೆಡ್‌ಫೋನಿನ ಕಾಮನ್ ವೈರಿಗೆ (ಎರಡೂ ಕಿವಿಗೂ ಸೇರಿದ ವೈರು) ಬೇರೆನೇ ಪ್ಯಾಡ್ ಇತ್ತು, ನಾನು ಗ್ರೌಂಡ್ ಅಂದ್ರೆ ಎಲ್ಲಾ ಒಂದೇ ಅಲ್ವಾ ಅಂದ್ಕೊಂಡು ಬ್ಯಾಟರಿ ಮೈನಸ್ಸಿಗೇ ಸೇರಿಸ್ಬಿಟ್ಟೆ. ಹಾಡು ಬಾವಿಯೊಳಗಿಂದ ಬಂದಂಗೆ, ಜೊತೆಗೆ ಜುಯ್ ಅಂತ ಸದ್ದು. ಎರಡು ದಿನ ಬೋರ್ಡೇ ಸರಿ ಇಲ್ಲ ಅಂತ ಅಂಗಡಿಯವರನ್ನ ಮನಸ್ಸಲ್ಲೇ ಬೈಕೊಂಡು ಓಡಾಡಿದೀನಿ. ಆ ಒಂದು ವೈರ್ ಜಾಗ ಬದಲಾಯಿಸಿದ ತಕ್ಷಣ ಸರಿಹೋಯ್ತು.

ಈಗ 14 ತಿಂಗಳ ಲೆಕ್ಕ. ಮೊದಮೊದಲು ಒಂದು ಚಾರ್ಜಿಗೆ 7 ಗಂಟೆ ಬರ್ತಿತ್ತು, ಈಗ 5. ಯೂಟ್ಯೂಬಲ್ಲಿ ಮಾತಿಗೂ ತುಟಿಗೂ ತಾಳೆ ಆಗುತ್ತೆ, ಗೇಮಲ್ಲಿ ಆಗಲ್ಲ, ಗುಂಡು ಬಿದ್ದು ಸತ್ತ ಮೇಲೆ ಸದ್ದು ಕೇಳ್ಸುತ್ತೆ. ಹಾಡಿನ ಮಧ್ಯೆ ಏನೂ ಗೊತ್ತಾಗಲ್ಲ, ಆದ್ರೆ ರಾತ್ರಿ ಸುಮ್ಮನೆ ಹಾಕ್ಕೊಂಡು ಕೂತ್ರೆ ಸಣ್ಣಗೆ ಸ್ಸ್ ಅನ್ನೋದು ಇದ್ದೇ ಇದೆ. ಬೇಸ್ ಮೊದಲಿನಷ್ಟಿಲ್ಲ ಅಂತ ತಿಂಗಳುಗಟ್ಟಲೆ ಬ್ಲೂಟೂತ್ ಮೇಲೇ ಅನುಮಾನ ಪಟ್ಟೆ, ನೋಡಿದ್ರೆ ಚಾರ್ಜಿಂಗ್ ಪೋರ್ಟಿಗೆ ನಾನೇ ಇಯರ್‌ಕಪ್ಪಲ್ಲಿ ಕೊರೆದ ತೂತಿಂದ ಗಾಳಿ ಸೋರ್ತಿತ್ತು, ಸುತ್ತ ಹಾಟ್ ಗ್ಲೂ ತುಂಬಿದ ಮೇಲೆ ಮೃದಂಗದ ಗುಮ್ ಅನ್ನೋ ತೊಪ್ಪಿ ಮತ್ತೆ ಕೇಳ್ತು. ಆನ್ ಮಾಡಿದಾಗ ಫುಲ್ ವಾಲ್ಯೂಮಲ್ಲಿ ಕಿರಿಚೋ, ಬೋರ್ಡಲ್ಲೇ ರೆಕಾರ್ಡ್ ಆಗಿರೋ ಹೆಂಗಸಿನ ದನಿಗೆ ಮಾತ್ರ ಇನ್ನೂ ಮದ್ದು ಸಿಕ್ಕಿಲ್ಲ, ಆನ್ ಮಾಡಿ ಮೂರು ಸೆಕೆಂಡ್ ಆದ್ಮೇಲೆ ತಲೆಗೆ ಹಾಕ್ಕೋತೀನಿ.

ಚೆನ್ನಾಗಿರೋ ಹೆಡ್‌ಫೋನ್ ವೈರು ಕೊಯ್ದು ಇದನ್ನ ಮಾಡ್ತೀನಿ ಅಂದ್ರೆ ನಾನಂತೂ ಬೇಡ ಅಂತೀನಿ, ವೈರ್ ಹೋಗಿರೋದಾದ್ರೆ ಕಣ್ಣುಮುಚ್ಕೊಂಡು ಮಾಡಿ. ಇದಕ್ಕೆ ಆಟೋ ಆಫ್ ಇಲ್ಲ, ನಾನು ಮರೆಯೋದು ಜಾಸ್ತಿ. ಅಮ್ಮ ಮಲಗೋ ಮುಂಚೆ ಗ್ಯಾಸ್ ಆಫ್ ಆಗಿದ್ಯಾ ಅಂತ ನೋಡೋಕೆ ಎದ್ದಾಗ ಟೇಬಲ್ ಮೇಲೆ ನೀಲಿ ಲೈಟ್ ಮಿಣಮಿಣ ಅಂತಿದ್ರೆ ಅದನ್ನೂ ಆಫ್ ಮಾಡಿ ಹೋಗ್ತಾರೆ.