ಡಬ್ಬಿ, ಜಂಟಿ ಖಾತೆ, ಕೆಂಪು ಶಾಯಿ: ಕಾಫಿ ಅಂಗಡಿಗೆ ನಾವು ದುಡ್ಡು ಕೂಡಿಟ್ಟ ಮೂರು ಬಗೆ

ಅಕ್ಕ, ನಾನು, ತಮ್ಮ ಮೂವರೂ ಸೇರಿ ಕಾಫಿ ಅಂಗಡಿ ತೆರೆಯೋಣ ಎಂದು ಹೊರಟು 2 ವರ್ಷ 9 ತಿಂಗಳಾಯಿತು. ಅಂಗಡಿಯಂತೂ ಇನ್ನೂ ಇಲ್ಲ. ದುಡ್ಡು ಕೂಡಿಡುವ ಬಗೆಗಳನ್ನು ಮಾತ್ರ ಒಂದಾದ ಮೇಲೊಂದು ಮಾಡಿ ನೋಡಿದ್ದೇವೆ. 5 ತಿಂಗಳು ಡಬ್ಬಿ, 11 ತಿಂಗಳು ಜಂಟಿ ಖಾತೆ, ಕಳೆದ 17 ತಿಂಗಳಿಂದ ಬೇರೆ ಬೇರೆ ಖಾತೆ ಮತ್ತು ಒಂದು ನೋಟ್‌ಬುಕ್. ಒಡಹುಟ್ಟಿದವರು ಒಟ್ಟಿಗೆ ಉಳಿತಾಯ ಮಾಡಲು ಕೂತರೆ ಎಲ್ಲರೂ ಮೊದಲು ಕೇಳುವುದು "ಬಡ್ಡಿ ಎಲ್ಲಿ ಜಾಸ್ತಿ?" ಅಂತ. ನಾವೂ ಅಲ್ಲಿಂದಲೇ ಶುರು ಮಾಡಿದ್ದು. ಈಗ ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಬೇರೆ: ಯಾವ ಬಗೆಯಲ್ಲಿ ಯಾರು ಯಾರ ಹತ್ತಿರ ಎಷ್ಟು ಸಲ ಹಲ್ಲು ಗಿಂಜಬೇಕಾಗುತ್ತದೆ?

ಹೋಲಿಸುವುದಕ್ಕೆ ಒಂದು ಅಳತೆ ಬೇಕಲ್ಲ. ಅದನ್ನು ಕಂಡುಹಿಡಿದದ್ದು ಅಕ್ಕ. ಒಟ್ಟು ಮೊತ್ತವನ್ನು ಬರೆದಿಟ್ಟರೆ ಯಾರಿಗೂ ಏನೂ ಅನ್ನಿಸುವುದಿಲ್ಲ, ಬರೀ ಸೊನ್ನೆಗಳು. ಅದಕ್ಕೆ ಅವಳು 'ತಿಂಗಳು' ಎಂಬ ನಾಣ್ಯ ಚಲಾವಣೆಗೆ ತಂದಳು. ಅಂಗಡಿಯ ಬಾಡಿಗೆ, ಕರೆಂಟು, ಒಬ್ಬ ಸಹಾಯಕನ ಸಂಬಳ, ಬೀಜ, ಹಾಲು ಎಲ್ಲ ಸೇರಿ ಒಂದು ತಿಂಗಳಿಗೆ ತಗಲುವುದೇ ನಮ್ಮ 1 ತಿಂಗಳು. ಗುರಿ 12. ಅದರಲ್ಲಿ 6 ಅಂಗಡಿ ಕಟ್ಟಿ ನಿಲ್ಲಿಸಲು, ಇನ್ನು 6 ಗಿರಾಕಿ ಬಾರದಿದ್ದರೂ ಬಾಗಿಲು ತೆಗೆದಿಡಲು. ಕೆಳಗಿನ ಲೆಕ್ಕವೆಲ್ಲ ಈ ನಾಣ್ಯದಲ್ಲೇ.

ಡಬ್ಬಿಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಬಿಸ್ಕತ್ತಿನ ತಗಡಿನ ಡಬ್ಬಿ, ಮುಚ್ಚಳದ ಮೇಲೆ ತಮ್ಮ ಬರೆದ ಕಪ್ಪಿನ ಚಿತ್ರ. ಹಾಕುವಾಗ ಸದ್ದಾಗುತ್ತದೆ, ತೂಕ ಕೈಗೆ ಗೊತ್ತಾಗುತ್ತದೆ. ಆ ಖುಷಿ ಬೇರೆ ಯಾವುದರಲ್ಲೂ ಸಿಗಲಿಲ್ಲ. ಒಂದೊಂದು ಕೆಲಸದ ದುಡ್ಡನ್ನು ಮನಸ್ಸಿನಲ್ಲೇ ಬೇರೆ ಬೇರೆ ಗಂಟು ಕಟ್ಟಿಟ್ಟುಕೊಳ್ಳುವ ಈ ಚಾಳಿಯ ಬಗ್ಗೆ ಬರೆದ ರಿಚರ್ಡ್ ಥೇಲರ್‌ಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಗಂಟು ಕಟ್ಟುವುದೇನೋ ಸುಲಭ, ನಮ್ಮದು ಬಿಚ್ಚುವುದೂ ಅಷ್ಟೇ ಸುಲಭವಾಗಿತ್ತು. ಚಿಲ್ಲರೆ ಬೇಕಾದಾಗ ನೋಟು ಹಾಕಿ ಚಿಲ್ಲರೆ ತೆಗೆಯುವುದು, ಆಮೇಲೆ ಬರೀ ಚಿಲ್ಲರೆ ತೆಗೆಯುವುದು. 5 ತಿಂಗಳ ಕೊನೆಗೆ ಎಣಿಸಿದರೆ ಅರ್ಧ ತಿಂಗಳಿಗೂ ಸಾಲದು. ಯಾರು ತೆಗೆದರು ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಮೂವರೂ ತೆಗೆದಿದ್ದೆವು.

ಜಂಟಿ ಖಾತೆಗೆ ಹೋದಾಗ ಬ್ಯಾಂಕಿನ ಅರ್ಜಿಯಲ್ಲಿ ಒಂದು ಸಾಲಿತ್ತು: ಖಾತೆಯನ್ನು 'ಯಾರಾದರೂ ಒಬ್ಬರು' ನಡೆಸಬಹುದೋ, 'ಎಲ್ಲರೂ ಸೇರಿ' ನಡೆಸಬೇಕೋ? ನಾವು ಯೋಚಿಸದೆ ಮೊದಲನೆಯದಕ್ಕೆ ಗುರುತು ಹಾಕಿದೆವು. ಈ ಇಡೀ ಬರಹದಲ್ಲಿ ಒಂದೇ ಒಂದು ಎಚ್ಚರಿಕೆ ಕೊಡಬೇಕೆಂದರೆ ಆ ಗುರುತಿನ ಬಗ್ಗೆ ಕೊಡುತ್ತೇನೆ. ಆರನೇ ತಿಂಗಳು ತಮ್ಮನ ಸ್ಕೂಟರ್ ಕೆಟ್ಟಿತು. ಅವನು ಖಾತೆಯಿಂದ ತೆಗೆದ, 9 ದಿನಕ್ಕೆ ಪೂರ್ತಿ ವಾಪಸ್ಸು ಹಾಕಿದ. ದುಡ್ಡಿನ ಲೆಕ್ಕದಲ್ಲಿ ನಷ್ಟ ಸೊನ್ನೆ. ಆದರೆ ತೆಗೆದ ಸಂದೇಶ ಅಕ್ಕನ ಫೋನಿಗೆ ಬಂದದ್ದು ರಾತ್ರಿ ಹತ್ತೂವರೆಗೆ. ಅವಳು ಆ 9 ದಿನ ಏನೂ ಕೇಳಲಿಲ್ಲ, ಅವನು ಏನೂ ಹೇಳಲಿಲ್ಲ. ಊಟಕ್ಕೆ ಕೂತಾಗ ನಡುವೆ ಕೂತವಳು ನಾನು. 'ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು' ಎಂಬ ಗಾದೆ ಆಸ್ತಿ ಇದ್ದವರಿಗೆ ಮಾತ್ರ ಎಂದುಕೊಂಡಿದ್ದೆ. ಸ್ಕೂಟರಿನ ಕ್ಲಚ್ಚು ಕೂಡ ಸಾಕು ಎಂದು ಆಗ ಗೊತ್ತಾಯಿತು.

ಸರಿ ಎಂದು 'ಎಲ್ಲರೂ ಸೇರಿ' ಎಂಬುದಕ್ಕೆ ಬದಲಾಯಿಸಿದೆವು. ಈಗ ಮೂರು ಸಹಿ ಇಲ್ಲದೆ ಒಂದು ಕಾಸೂ ಅಲುಗದು. ಎರಡು ತಿಂಗಳಲ್ಲಿ ಅದರ ರುಚಿಯೂ ಸಿಕ್ಕಿತು. ಮುಚ್ಚುತ್ತಿದ್ದ ಒಂದು ಅಂಗಡಿಯಲ್ಲಿ ಕಾಫಿ ಬೀಜ ಪುಡಿ ಮಾಡುವ ಒಳ್ಳೆಯ ಗ್ರೈಂಡರ್ ಮಾರಾಟಕ್ಕಿತ್ತು, ಶುಕ್ರವಾರದೊಳಗೆ ಮುಂಗಡ ಕೊಡಬೇಕಿತ್ತು. ಅಕ್ಕ ಕೆಲಸದ ಮೇಲೆ ಬೇರೆ ಊರಿನಲ್ಲಿ. ಶನಿವಾರ ಅವಳು ಬಂದಳು, ಗ್ರೈಂಡರ್ ಹೋಗಿತ್ತು. ಒಂದು ಗುರುತಿನಲ್ಲಿ ಬೀಗವೇ ಇಲ್ಲ, ಇನ್ನೊಂದರಲ್ಲಿ ಬೀಗ ಬಿಟ್ಟು ಬೇರೇನೂ ಇಲ್ಲ. 3 ತಿಂಗಳವರೆಗೆ ಏರಿದ್ದ ಮೊತ್ತ ಆ ಖಾತೆ ಮುಚ್ಚುವಾಗ 2.2ಕ್ಕೆ ಇಳಿದಿತ್ತು. ಯಾರೂ ಕದ್ದದ್ದಲ್ಲ. ಮುನಿಸಿನಲ್ಲಿ ಮೂವರೂ ಕಂತು ನಿಲ್ಲಿಸಿದ್ದೆವು, ಒಮ್ಮೆ ಮೂರೂ ಸಹಿ ಹಾಕಿ ಮನೆಯ ಖರ್ಚಿಗೆ ತೆಗೆದದ್ದನ್ನು ತುಂಬಲೇ ಇಲ್ಲ.

ಬಡ್ಡಿಯ ಮಾತು ಇಲ್ಲೇ ಮುಗಿಸಿಬಿಡುತ್ತೇನೆ, ಅದು ದೊಡ್ಡ ವಿಷಯವೇ ಅಲ್ಲ. ಪ್ರತಿ ತಿಂಗಳು ಒಂದೇ ಕಂತು, ವರ್ಷಕ್ಕೆ ಶೇಕಡಾ 6 ಬಡ್ಡಿ, ಪ್ರತಿ ತಿಂಗಳೂ ಅಸಲಿಗೆ ಸೇರ್ಪಡೆ ಎಂದಿಟ್ಟುಕೊಳ್ಳಿ. 24 ಕಂತು ಕಟ್ಟಿದರೆ ಕೊನೆಗೆ ಸಿಗುವುದು ಸುಮಾರು 25.4 ಕಂತು. ಶೇಕಡಾ 7 ಆದರೆ 25.7. ಆ ಒಂದು ಶೇಕಡಾಕ್ಕಾಗಿ ನಾವು ಮೂರು ಬ್ಯಾಂಕಿನ ದರಪಟ್ಟಿ ಹರವಿಕೊಂಡು ಒಂದು ಇಡೀ ಭಾನುವಾರ ಜಗಳ ಆಡಿದ್ದೆವು. ಗಳಿಕೆ ಎಷ್ಟು? ಕಾಲು ಕಂತು. ಎರಡು ತಿಂಗಳು ಮುನಿಸಿಕೊಂಡು ಕಂತು ತಪ್ಪಿಸಿದರೆ ಎರಡು ವರ್ಷದ ಬಡ್ಡಿ ಪೂರ್ತಿ ಹೋಯಿತು. ಇಪ್ಪತ್ತು ವರ್ಷದ ಉಳಿತಾಯಕ್ಕೆ ಬಡ್ಡಿಯೇ ರಾಜ ಇರಬಹುದು, ಎರಡು ಮೂರು ವರ್ಷಕ್ಕೆ ಕಂತು ತಪ್ಪದಿರುವುದೇ ರಾಜ.

ಈಗಿನ ಬಗೆ ಹೀಗಿದೆ. ಮೂವರಿಗೂ ಅಂಗಡಿಗೆಂದೇ ಮೀಸಲಾದ ಒಂದೊಂದು ಖಾತೆ, ಅವರವರ ಹೆಸರಲ್ಲೇ. ಸಂಬಳ ಬಂದ ಮರುದಿನ ತಾನಾಗಿಯೇ ಕಂತು ಅಲ್ಲಿಗೆ ಹೋಗುತ್ತದೆ. ತಿಂಗಳ ಮೊದಲ ಭಾನುವಾರ ಮೂವರೂ ಫೋನು ತೆಗೆದು ಒಟ್ಟಿಗೆ ಮೇಜಿನ ಮೇಲಿಡುತ್ತೇವೆ, ತಮ್ಮ ನೋಟ್‌ಬುಕ್ಕಿನ ಮೂರು ಕಲಮುಗಳಲ್ಲಿ ಬರೆಯುತ್ತಾನೆ. ತನ್ನ ಖಾತೆಯಿಂದ ಯಾರು ಬೇಕಾದರೂ ತೆಗೆಯಬಹುದು, ಯಾರ ಅನುಮತಿಯೂ ಬೇಡ. ತೆಗೆಯುವ ಮೊದಲು ಮಾತ್ರ ಕೆಂಪು ಶಾಯಿಯಲ್ಲಿ ಎಷ್ಟು, ಯಾತಕ್ಕೆ ಎಂದು ಬರೆದಿರಬೇಕು. ಕೇಳುವುದಿಲ್ಲ, ಹೇಳುವುದು ಅಷ್ಟೇ. ಡಬ್ಬಿಯಲ್ಲಿ ಕೇಳುವುದೂ ಇರಲಿಲ್ಲ ಹೇಳುವುದೂ ಇರಲಿಲ್ಲ. ಮೂರು ಸಹಿಯ ಖಾತೆಯಲ್ಲಿ ಪ್ರತಿಯೊಂದಕ್ಕೂ ಕೇಳಬೇಕಿತ್ತು. 17 ತಿಂಗಳಲ್ಲಿ ಕೆಂಪು ಸಾಲು ಬಿದ್ದದ್ದು 4 ಸಲ. ಮೊತ್ತ 8.5 ತಿಂಗಳು ಮುಟ್ಟಿತು. ಈ ಅವಧಿಯಲ್ಲೇ ಅಕ್ಕನಿಗೆ ಬಡ್ತಿಯೂ ಸಿಕ್ಕಿತು ಅನ್ನುವುದನ್ನು ಮುಚ್ಚಿಟ್ಟರೆ ಹೋಲಿಕೆ ಮೋಸವಾಗುತ್ತದೆ. ಬಡ್ತಿಯ ಪಾಲು ಕಳೆದರೂ 7ರ ಆಸುಪಾಸು ಇರುತ್ತಿತ್ತು.

ಈ ಬಗೆಯ ಹುಳುಕೂ ಇದೆ. ಕಾನೂನಿನ ಕಣ್ಣಿಗೆ ಅದು 'ನಮ್ಮ' ದುಡ್ಡಲ್ಲ, ಮೂವರ ಬಿಡಿ ಬಿಡಿ ದುಡ್ಡು. ನಾಳೆ ಯಾರಾದರೂ ಮನಸ್ಸು ಬದಲಾಯಿಸಿದರೆ ತಡೆಯಲು ಏನೂ ಇಲ್ಲ. ಕಟ್ಟಡದ ಮಾಲೀಕನಿಗೋ ಸಾಲ ಕೊಡುವವರಿಗೋ ತೋರಿಸುವಾಗ ಮೂರು ಚೂರಿಗಿಂತ ಒಂದೇ ಖಾತೆ ಗಟ್ಟಿಯಾಗಿ ಕಾಣುತ್ತದೆ. ಆ ಒಂದು ವಿಷಯದಲ್ಲಿ ಜಂಟಿ ಖಾತೆಯೇ ಮೇಲು. ಮೊತ್ತ 11 ತಿಂಗಳು ಮುಟ್ಟಿದ ದಿನ ವ್ಯಾಪಾರದ ಹೆಸರಿನಲ್ಲಿ ಖಾತೆ ತೆಗೆದು ಎಲ್ಲ ಒಂದು ಮಾಡುವುದು ಎಂದು ಮಾತಾಗಿದೆ.

ಎಲ್ಲಕ್ಕಿಂತ ಹೆಚ್ಚು ತಲೆ ತಿಂದದ್ದು ಇನ್ನೊಂದು ಹೋಲಿಕೆ: ಎಲ್ಲರೂ ಸಮ ಮೊತ್ತ ಹಾಕಬೇಕೋ, ಸಂಬಳದ ಸಮ ಪಾಲು ಹಾಕಬೇಕೋ? ಅಕ್ಕನ ಸಂಬಳ 20 ಎಂದರೆ ನನ್ನದು 15, ತಮ್ಮನದು 10. ಮೊದಲು ಎಲ್ಲರೂ 2 ಹಾಕುತ್ತಿದ್ದೆವು. ಅಕ್ಕನಿಗೆ ಅದು ಹತ್ತರಲ್ಲೊಂದು, ತಮ್ಮನಿಗೆ ಐದರಲ್ಲೊಂದು. ತಿಂಗಳ ಕೊನೆಗೆ ಅವನು ಬಸ್ಸಿಗೆ ನನ್ನ ಹತ್ತಿರ ಕೇಳುತ್ತಿದ್ದ. ಕೂಡಿಡುವವನೇ ಕೈಚಾಚುವುದೆಂದರೆ ಅದು ಉಳಿತಾಯ ಹೇಗಾದೀತು? ಆಮೇಲೆ ಎಲ್ಲರೂ ಶೇಕಡಾ 15 ಎಂದು ಮಾಡಿದೆವು. ಅಕ್ಕ 3, ನಾನು 2.25, ತಮ್ಮ 1.5. ಒಟ್ಟು 6ರಿಂದ 6.75ಕ್ಕೆ ಏರಿತು, ತಮ್ಮನೂ ಉಸಿರಾಡಿದ. ಅಲ್ಲಿಗೆ ಎಲ್ಲ ಸುಖ ಎನ್ನುವಾಗ ಭಾವ ಒಂದು ಸಂಜೆ ಸುಮ್ಮನೆ ಕೇಳಿದರು: "ಹಾಗಾದರೆ ಅಂಗಡಿ ಯಾರದು?"

ಹಾಕಿದ ದುಡ್ಡಿನಂತೆ ಒಡೆತನ ಎಂದರೆ ಅಕ್ಕನಿಗೆ ಶೇಕಡಾ 44, ನನಗೆ 33, ತಮ್ಮನಿಗೆ 22. ಕೆಲಸ ಬಿಟ್ಟು ಬಂದು ದಿನಕ್ಕೆ ಹತ್ತು ಗಂಟೆ ಯಂತ್ರದ ಮುಂದೆ ನಿಲ್ಲುವವನು ಅವನೇ. ಅಕ್ಕ ಭಾನುವಾರ ಮಾತ್ರ ಬರುವವಳು. ಅವನು ಏನೂ ಅನ್ನಲಿಲ್ಲ, ಕ್ಯಾಲ್ಕ್ಯುಲೇಟರನ್ನು ಮಗುಚಿಟ್ಟ. ಮೂರು ತಿಂಗಳು ಬೇರೆ ಬೇರೆ ಸೂತ್ರ ಹಾಕಿ ನೋಡಿದೆವು: ದುಡಿಮೆಗೆ ಇಷ್ಟು ಅಂಕ, ದುಡ್ಡಿಗೆ ಇಷ್ಟು ಅಂಕ. ಪ್ರತಿ ಸೂತ್ರವೂ ಬರೆದವರಿಗೇ ಲಾಭ ತರುತ್ತಿತ್ತು. ಕೊನೆಗೆ ಲೆಕ್ಕವನ್ನು ಎರಡು ಪುಟಕ್ಕೆ ಒಡೆದೆವು. ಒಂದು ಪುಟದಲ್ಲಿ ದುಡ್ಡು: ಹಾಕಿದವರು ಅಂಗಡಿಗೆ ಸಾಲ ಕೊಟ್ಟಂತೆ, ಲಾಭ ಬಂದಾಗ ಮೊದಲು ಆ ಸಾಲ ತೀರಬೇಕು. ಇನ್ನೊಂದರಲ್ಲಿ ಒಡೆತನ: ಮೂವರಿಗೂ ಮೂರರಲ್ಲೊಂದು. ಯಂತ್ರದ ಮುಂದೆ ನಿಲ್ಲುವವರಿಗೆ ಸಂಬಳ, ಅದು ಒಡೆತನಕ್ಕೆ ಸೇರಿದ್ದಲ್ಲ. ಇದೇ ನ್ಯಾಯ ಎಂದು ನಾನು ವಾದಿಸುವುದಿಲ್ಲ. ನಮ್ಮ ಮನೆಯಲ್ಲಿ ಊಟದ ಹೊತ್ತಿನ ಮೌನ ಇದರಿಂದ ಹೋಯಿತು ಎಂದಷ್ಟೇ ಹೇಳಬಲ್ಲೆ.

ಕೊನೆಯ ಹೋಲಿಕೆ, ದುಡ್ಡನ್ನು ದುಡ್ಡಾಗಿಯೇ ಇಡುವುದೋ, ಸಾಮಾನಾಗಿ ಇಡುವುದೋ. ತಮ್ಮ ಎರಡನೆಯದರ ಭಕ್ತ. 1908ರಲ್ಲಿ ಜರ್ಮನಿಯ ಮೆಲಿಟ್ಟಾ ಬೆಂಟ್ಸ್ ಮಗನ ನೋಟ್‌ಬುಕ್ಕಿನ ಒತ್ತುಕಾಗದದಿಂದ ಕಾಫಿ ಸೋಸಿ, 73 ಫೆನಿಗ್ ಬಂಡವಾಳದಲ್ಲಿ ಕಂಪನಿ ಶುರು ಮಾಡಿದಳು ಎಂಬ ಕತೆಯನ್ನು ಅವನು ವಾರಕ್ಕೊಮ್ಮೆ ಹೇಳುತ್ತಾನೆ. "ಅವಳು ಮಾರಿದ್ದು ಕಾಗದ, ನೀನು ಕಟ್ಟಬೇಕಾದದ್ದು ಬಾಡಿಗೆ" ಎಂದು ಅಕ್ಕನ ಸಿದ್ಧ ಉತ್ತರ. ಆದರೂ ಬೇರೆ ಖಾತೆಯ ನಾಲ್ಕನೇ ತಿಂಗಳಲ್ಲಿ ಒಂದು ಕೆಂಪು ಸಾಲು ಬಿತ್ತು: ಹಳೆಯ ಎಸ್‌ಪ್ರೆಸೊ ಯಂತ್ರ, ಒಂದು ಕೈ (ಅಂದರೆ ಒಮ್ಮೆಗೆ ಒಂದೇ ಹಿಡಿ ಕೂರುವಂಥದ್ದು). ಹೇಳಿದ್ದ, ಹಾಗಾಗಿ ತಡೆಯುವಂತಿರಲಿಲ್ಲ.

ಯಂತ್ರದ ಮುಚ್ಚಳ ಬಿಚ್ಚಿದ ಸಂಜೆ ನೆನಪಿದೆ. ಬಾಯ್ಲರಿಗೆ ಹೋಗುವ ತಾಮ್ರದ ಕೊಳವೆ ಕಳಚಿ ದೀಪಕ್ಕೆ ಹಿಡಿದರೆ ಒಳಗೆ ಸುಣ್ಣ ಕಟ್ಟಿ ಬೆಂಕಿಕಡ್ಡಿಯಷ್ಟೇ ದಾರಿ ಉಳಿದಿತ್ತು. ವರ್ಷಗಟ್ಟಲೆ ಗಡಸು ನೀರು ಕಾಯಿಸಿದ ಫಲ. ಕಾಫಿ ಪುಡಿ ತುಂಬುವ ಹಿಡಿ ಕೂರುವ ಜಾಗದ ರಬ್ಬರ್ ಬಳೆ ಒಣಗಿ ಕಲ್ಲಾಗಿತ್ತು, ಒತ್ತಡ ಏರಿದ ಕೂಡಲೇ ಸುತ್ತಲಿಂದ ನೀರು ಸೋರುತ್ತಿತ್ತು. ಕೊಂಡ ಬೆಲೆಯ ಮೂರರಲ್ಲೊಂದು ಪಾಲು ರಿಪೇರಿಗೇ ಹೋಯಿತು. ಒಂದು ಪುಣ್ಯ: ಅದರ ಕಾಫಿ ಇಳಿಯುವ ಭಾಗ 1961ರಲ್ಲಿ ಇಟಲಿಯ ಫಯೇಮಾ ಕಂಪನಿ ತಂದ ಇ61 ಮಾದರಿಯದು. ಇವತ್ತಿಗೂ ಹಲವರು ಅದೇ ಮಾದರಿ ಮಾಡುವುದರಿಂದ ಬಳೆ, ಜಾಲರಿ ಕೇಳಿದಲ್ಲಿ ಸಿಕ್ಕವು. ಹಳೆಯದನ್ನೇ ಕೊಳ್ಳುವವರು ಹೊಳಪಿಗಿಂತ ಮೊದಲು ಬಿಡಿಭಾಗ ವಿಚಾರಿಸಿ, ಕೊಳವೆ ಬಿಚ್ಚಿಸಿ ನೋಡಿ.

ಖಾತೆಯಲ್ಲೇ ಬಿಟ್ಟಿದ್ದರೆ ದುಡ್ಡು ಹಾಗೇ ಇರುತ್ತಿತ್ತು, ಹಣದುಬ್ಬರ ತಿಂದಷ್ಟು ತಿಂದು. ಲೆಕ್ಕದಲ್ಲಿ ತಮ್ಮ ಸೋತ. ಆದರೆ ಯಂತ್ರ ಇದ್ದದ್ದರಿಂದ ನಾಲ್ಕು ವಾರಾಂತ್ಯ ಪರಿಚಿತರ ಜಾಗದ ಮೂಲೆಯಲ್ಲಿ ಕಾಫಿ ಮಾರಿ ನೋಡಿದೆವು. ಒಂದು ಡಬಲ್ ಶಾಟ್‌ಗೆ (ಶಾಟ್ ಎಂದರೆ ಯಂತ್ರ ಒಮ್ಮೆಗೆ ಇಳಿಸುವ ಗಟ್ಟಿ ಕಾಫಿ) 18 ಗ್ರಾಂ ಪುಡಿ, ಅಂದರೆ ಕಿಲೋಗೆ 55 ಕಪ್ಪು ಎಂದು ಕಾಗದದಲ್ಲಿ ಬರೆದಿದ್ದೆವು. ಮೊದಲ ದಿನ ಸಿಕ್ಕದ್ದು 47. ಶಾಟ್ 25ರಿಂದ 30 ಸೆಕೆಂಡಿನಲ್ಲಿ ಇಳಿಯುವ ಹಾಗೆ ಗ್ರೈಂಡರ್ ಹೊಂದಿಸುವಷ್ಟರಲ್ಲಿ ಉಳಿದದ್ದು ಕಸದ ಬುಟ್ಟಿ ಸೇರಿತ್ತು. ಹಾಲಂತೂ ಒಂದೂವರೆ ಲೀಟರ್ ಜಗ್ಗಿನ ತಳದಲ್ಲೇ ಉಳಿದು ಹಾಳಾಯಿತು. ಆ ಮೊದಲ ವಾರಾಂತ್ಯದ ಎರಡು ದಿನದ ಲಾಭ ತಮ್ಮನ ಅರ್ಧ ಕಂತಿಗೆ ಸಮ. ಗಳಿಕೆ ಎಂದು ನೋಡಿದರೆ ದಂಡ. ಆದರೆ ನಮ್ಮ '1 ತಿಂಗಳು' ಎಂಬ ನಾಣ್ಯದಲ್ಲಿ ಪೋಲಿನ ಲೆಕ್ಕವೇ ಇರಲಿಲ್ಲ ಎಂದು ಗೊತ್ತಾದದ್ದು ಅಲ್ಲೇ. ಮನೆಗೆ ಬಂದು ಅಕ್ಕ ನಾಣ್ಯದ ಬೆಲೆ ಏರಿಸಿದಳು, 8.5 ಇದ್ದದ್ದು ಒಂದೇ ರಾತ್ರಿಯಲ್ಲಿ 7.9 ಆಯಿತು. ಮತ್ತೆ ಕೊಳ್ಳುವುದಾದರೆ ನಾನು ಗ್ರೈಂಡರ್ ಮೊದಲು ಕೊಳ್ಳುತ್ತೇನೆ, ಯಂತ್ರವನ್ನು ಅಂಗಡಿಯ ಬೀಗದ ಕೈ ಸಿಕ್ಕಿದ ಮೇಲೆ.

ಕಳೆದ ಭಾನುವಾರ ಫೋನುಗಳು ಮೇಜಿನ ಮೇಲೆ ಬಂದಾಗ ಅಕ್ಕ ತನ್ನದನ್ನು ಸ್ವಲ್ಪ ತಡವಾಗಿ ಇಟ್ಟಳು. ಆಮೇಲೆ ಕೆಂಪು ಪೆನ್ನು ತಾನೇ ಎತ್ತಿಕೊಂಡಳು. ಈವರೆಗೆ ಅವಳ ಕಲಮಿನಲ್ಲಿ ಕೆಂಪು ಬಿದ್ದಿರಲೇ ಇಲ್ಲ. 'ಹಲ್ಲು, ರೂಟ್ ಕೆನಾಲ್, ಎರಡು' ಎಂದು ಬರೆದು ಮೊತ್ತ ಹಾಕಿದಳು. ತಮ್ಮ ನೋಟ್‌ಬುಕ್ಕನ್ನು ತನ್ನ ಕಡೆ ತಿರುಗಿಸಿಕೊಂಡು ಕಳೆದ, 7.7 ಎಂದು ಕೆಳಗೆ ಬರೆದ, ಹಾಲು ಕಾಯಿಸಲು ಎದ್ದು ಹೋದ.